ಮೈಬಣ್ಣವೂ ರಾಜ್ಯಶಾಸನವೂ

ದಕ್ಷಿಣ ಆಫ್ರಿಕದ ಸಂಸತ್ತು 1950ರಲ್ಲಿ ‘ಜನಸಂಖ್ಯಾ ನೋಂದಣಿ ಕಾಯಿದೆ’ ಎಂಬ ಶಾಸನವನ್ನು ಅಂಗೀಕರಿಸಿತು. ಹೆಸರನ್ನಷ್ಟೇ ಕೇಳಿದವರಿಗೆ ಇದು ಜನಗಣತಿಗೆ ಸಂಬಂಧಿಸಿದ ಸಾಧಾರಣ ಏರ್ಪಾಡೆಂದು ತೋರೀತು. ಆದರೆ ನಾಡಿನ ಪ್ರತಿಯೊಬ್ಬ ನಿವಾಸಿಯನ್ನೂ ಬಿಳಿಯರು, ಕರಿಯರು, ಮಿಶ್ರವರ್ಣದವರು ಎಂಬ ವರ್ಗಗಳಲ್ಲಿ ಒಂದಕ್ಕೆ ಸೇರಿಸಿ ದಾಖಲೆ ಮಾಡುವುದೇ ಅದರ ಉದ್ದೇಶವಾಗಿತ್ತು. ಮುಂದೆ ಭಾರತೀಯರಿಗೂ ಪ್ರತ್ಯೇಕವಾದ ವರ್ಗವೊಂದು ಏರ್ಪಟ್ಟಿತು. ಒಬ್ಬನು ಯಾವ ಬೀದಿಯಲ್ಲಿ ವಾಸಿಸಬೇಕು, ಯಾವ ಶಾಲೆಯಲ್ಲಿ ಓದಬೇಕು, ಯಾರನ್ನು ಮದುವೆಯಾಗಬಹುದು, ರೈಲುನಿಲ್ದಾಣದಲ್ಲಿ ಯಾವ ಬೆಂಚಿನ ಮೇಲೆ ಕುಳಿತುಕೊಳ್ಳಬಹುದು ಎಂಬುದೆಲ್ಲವೂ ಈ ದಾಖಲೆಯನ್ನು ಅವಲಂಬಿಸಿತ್ತು.

ಹಾಗಾದರೆ ಬಿಳಿಯನೆಂದರೆ ಯಾರು? ನೋಡಿದೊಡನೆ ಬಿಳಿಯನೆಂದು ತೋರುವವನು, ಅಥವಾ ಬಿಳಿಯನೆಂದು ಜನರು ಸಾಮಾನ್ಯವಾಗಿ ಒಪ್ಪಿಕೊಂಡವನು ಎಂಬುದೇ ಕಾಯಿದೆಯ ಉತ್ತರ. ಬಿಳಿಯನೆಂದರೆ ಬಿಳಿಯನು ಎಂದು ಹೇಳಿದಂತಾಯಿತೇ ಹೊರತು ಇದರಿಂದ ಏನೂ ಸ್ಪಷ್ಟವಾಗಲಿಲ್ಲ. ಸಂದೇಹ ಬಂದಲ್ಲಿ ಅಧಿಕಾರಿಗಳು ಮೂಗು ತುಟಿಗಳನ್ನು ಪರಿಶೀಲಿಸುತ್ತಿದ್ದರು. ತಲೆಗೂದಲಲ್ಲಿ ಪೆನ್ಸಿಲನ್ನು ಸಿಕ್ಕಿಸಿ ಅದು ಕೆಳಕ್ಕೆ ಜಾರುವುದೋ ಇಲ್ಲವೋ ಎಂದು ನೋಡುವುದೂ ಉಂಟಾಗಿತ್ತು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ವರ್ಗಗಳಿಗೆ ಸೇರಿದ ನಿದರ್ಶನಗಳಿವೆ.

1955ರಲ್ಲಿ ಬಿಳಿಯ ದಂಪತಿಗಳಿಗೆ ಒಬ್ಬ ಹೆಣ್ಣುಮಗಳು ಜನಿಸಿದಳು. ಅವಳ ಮೈಬಣ್ಣ ಕಂದು, ಕೂದಲು ಗುಂಗುರು. ಬಿಳಿಯ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದ ಆ ಬಾಲಕಿಯನ್ನು 1966ರಲ್ಲಿ ಪೋಲೀಸರು ಶಾಲೆಯಿಂದ ಮನೆಗೆ ಕರೆದೊಯ್ದು ಬಿಟ್ಟರು. ಸರ್ಕಾರವು ಅವಳನ್ನು ಮಿಶ್ರವರ್ಣದವಳೆಂದು ಸಾರಿತು. ತಂದೆಯು ಸುಮ್ಮನಿರದೆ ಹೋರಾಡಿದನು. 1967ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ತಂದೆತಾಯಿಗಳ ವರ್ಗವೇ ಮಕ್ಕಳ ವರ್ಗವೆಂದು ಗೊತ್ತಾದ ಮೇಲೆ ಅವಳು ಪುನಃ ಬಿಳಿಯಳಾದಳು. ಒಂದು ಎರಡು ವರ್ಷಗಳ ಅಂತರದಲ್ಲಿ ಹತ್ತು ಹನ್ನೆರಡರ ಹರೆಯದ ಹುಡುಗಿ ಎರಡು ಸಲ ಜನಾಂಗವನ್ನು ಬದಲಿಸಿದಳೆಂದು ಸರ್ಕಾರದ ಕಡತಗಳು ನುಡಿಯುತ್ತವೆ!

ಇಷ್ಟೆಲ್ಲ ಅವಾಂತರಕ್ಕೆ ಕಾರಣವಾದ ಮೈಬಣ್ಣವಾದರೂ ಎಂತಹದು? ಚರ್ಮದ ಹೊರಪದರದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ಉತ್ಪತ್ತಿ ಮಾಡುವ ಜೀವಕೋಶಗಳಿವೆ. ಬಿಳಿಯರಲ್ಲಾಗಲಿ ಕರಿಯರಲ್ಲಾಗಲಿ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆಗಳಲ್ಲಿ ಮಾತ್ರ ವ್ಯತ್ಯಾಸ. ಸೂರ್ಯನ ಅತಿನೇರಳೆ ಕಿರಣಗಳನ್ನು ಮೆಲನಿನ್ ತಡೆಯುತ್ತದೆ. ಬಿಸಿಲು ತೀವ್ರವಾಗಿರುವ ಉಷ್ಣವಲಯದಲ್ಲಿ ಕಪ್ಪು ಚರ್ಮವು ದೇಹಕ್ಕೆ ಕವಚದಂತೆ. ಆದರೆ ದೇಹವು ‘ಡಿ’ ಜೀವಸತ್ವವನ್ನು ತಯಾರಿಸಿಕೊಳ್ಳಲು ಆ ಕಿರಣಗಳೂ ಅಲ್ಪಸ್ವಲ್ಪ ಬೇಕು. ಬಿಸಿಲು ಕಡಮೆಯಿರುವ ಉತ್ತರದ ನಾಡುಗಳಲ್ಲಿ ತೆಳುಬಣ್ಣದ ಚರ್ಮವು ಅನುಕೂಲವಾಯಿತು. ಸಹಸ್ರಾರು ವರ್ಷಗಳಲ್ಲಿ ಆಯಾ ಪ್ರದೇಶದ ಬಿಸಿಲು ಅಲ್ಲಿಯ ಜನರ ಬಣ್ಣವನ್ನು ಹೀಗೆ ತಿದ್ದಿತೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಆದಕಾರಣ ಬಣ್ಣದ ಸಾಮ್ಯವು ರಕ್ತಸಂಬಂಧದ ಸಾಮ್ಯವಲ್ಲ. ಆಫ್ರಿಕದವರೂ ಶಾಂತಸಾಗರದ ಸೊಲೊಮನ್ ದ್ವೀಪಗಳ ನಿವಾಸಿಗಳೂ ಬಣ್ಣದಲ್ಲಿ ಒಬ್ಬರನ್ನೊಬ್ಬರು ಹೋಲುವರು. ವಂಶದ ದೃಷ್ಟಿಯಿಂದ ಅವರು ಬಹುದೂರದ ನೆಂಟರು. ಮಾನವಕುಲದ ಆನುವಂಶಿಕ ವೈವಿಧ್ಯವನ್ನು ಅಳೆದ ರಿಚರ್ಡ್ ಲೆವಾಂಟಿನ್ ಎಂಬ ವಿಜ್ಞಾನಿಯು, ಅದರಲ್ಲಿ ಶೇಕಡ 85ರಷ್ಟು ಯಾವುದೇ ಒಂದು ಜನಸಮುದಾಯದ ಒಳಗೇ ಕಂಡುಬರುವುದೆಂದು 1972ರಲ್ಲಿ ತೋರಿಸಿಕೊಟ್ಟನು. (ವಧುವಿನ ಬಣ್ಣ ಬೆಳ್ಳಗಿರಬೇಕೆಂದು ಜಾಹೀರಾತು ನೀಡುವ ನಮ್ಮ ಜನರಿಗೂ ಇದು ತಿಳಿದಿರುವುದು ಒಳ್ಳೆಯದು.)

ವಿಜ್ಞಾನದ ಮಾತಿನಿಂದ ಆಳುವವರ ಮನಸ್ಸು ಬದಲಾಗಲಿಲ್ಲ. 1948ರ ಚುನಾವಣೆಯಲ್ಲಿ ಗೆದ್ದು ಬಂದ ನ್ಯಾಷನಲ್ ಪಕ್ಷದ ನಾಯಕರು ಬೇರೊಂದು ವಾದವನ್ನು ಮುಂದಿಟ್ಟರು. ಭಾಷೆ, ಸಂಸ್ಕೃತಿ, ಬಣ್ಣಗಳು ಬೇರೆಬೇರೆಯಾದ ಜನರು ಒಂದೆಡೆ ಸೇರಿದರೆ ಕಲಹ ತಪ್ಪದು. ಪ್ರತಿಯೊಂದು ಜನಾಂಗವೂ ತನ್ನ ಪಾಡಿಗೆ ತಾನು ಪ್ರತ್ಯೇಕವಾಗಿ ಬೆಳೆಯುವುದೇ ಎಲ್ಲರಿಗೂ ಹಿತ ಎಂಬುದು ಆ ವಾದ. ಕೇಳಲು ಇದು ಸೌಮ್ಯವಾಗಿಯೇ ಇದೆ. ಆದರೆ ನಾಡಿನ ಬಹುಸಂಖ್ಯಾತರಾದ ಕರಿಯರ ಪಾಲಿಗೆ ಬಂದದ್ದು ಶೇಕಡ 13ರಷ್ಟು ಭೂಮಿ ಎಂಬುದನ್ನು ನೋಡಿದರೆ, ಹಿತ ಯಾರದೆಂಬುದು ತಿಳಿಯುತ್ತದೆ.

ಕಲಹಗಳು ನಡೆದೇ ಇರಲಿಲ್ಲವೆಂದು ಹೇಳಲಾಗದು. ಭಾರತದಿಂದ ಕೂಲಿಗಾರರು ಕಬ್ಬಿನ ತೋಟಗಳ ದುಡಿಮೆಗಾಗಿ 1860ರಿಂದ ನೇಟಾಲ್ ಪ್ರಾಂತಕ್ಕೆ ಬಂದಿದ್ದರು. ವ್ಯಾಪಾರಿಗಳೂ ಅವರನ್ನು ಹಿಂಬಾಲಿಸಿದರು. ಗಾಂಧೀಜಿಯವರು 1893ರಲ್ಲಿ ಅಲ್ಲಿಗೆ ಹೋದದ್ದು ಅಂತಹ ವ್ಯಾಪಾರಿಯೊಬ್ಬರ ಮೊಕದ್ದಮೆಯ ನಿಮಿತ್ತವಾಗಿಯೇ. 1949ರ ಜನವರಿಯಲ್ಲಿ ಡರ್ಬನ್ ನಗರದಲ್ಲಿ ಕರಿಯರಿಗೂ ಭಾರತೀಯರಿಗೂ ದೊಂಬಿಯಾಗಿ 142 ಮಂದಿ ಸತ್ತರು. ನಗರದಲ್ಲಿ ಭೂಮಿಯನ್ನೂ ವ್ಯಾಪಾರದ ಪರವಾನಗಿಯನ್ನೂ ಪಡೆಯಲು ಕರಿಯರಿಗೆ ಅವಕಾಶವೇ ಇರಲಿಲ್ಲ. ಅವರು ದಿನವೂ ವ್ಯವಹರಿಸುತ್ತಿದ್ದ ಅಂಗಡಿಯವನು, ಬಸ್ಸಿನ ಒಡೆಯ, ಬಾಡಿಗೆ ಮನೆಯ ಮಾಲೀಕ ಹಲವೊಮ್ಮೆ ಭಾರತೀಯನೇ ಆಗಿದ್ದನು. ಅವರಲ್ಲಿ ಕೆಲವರು ಕರಿಯರನ್ನು ಹೀನಾಯವಾಗಿ ಕಂಡದ್ದೂ ಸುಳ್ಳಲ್ಲ. ಮೇಲಿನವರ ಮೇಲಿನ ಕೋಪ ಪಕ್ಕದವರ ಮೇಲೆ ತಿರುಗಿತು. ಸರ್ಕಾರವು ಈ ದೊಂಬಿಯನ್ನು ತನ್ನ ನೀತಿಗೆ ಸಾಕ್ಷಿಯಾಗಿ ತೋರಿಸಿತು. ಆದರೆ ಮೂರೇ ವರ್ಷಗಳಲ್ಲಿ, ಅಂದರೆ 1952ರಲ್ಲಿ, ಅದೇ ಎರಡು ಸಮುದಾಯಗಳ ಜನರು ಒಟ್ಟಾಗಿ ಅನ್ಯಾಯದ ಶಾಸನಗಳನ್ನು ಉಲ್ಲಂಘಿಸಿ, 8,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸೆರೆಮನೆಗೆ ನಡೆದರು. ಈ ಸಾಕ್ಷಿಯನ್ನು ಸರ್ಕಾರ ಗಣನೆಗೆ ತೆಗೆದುಕೊಳ್ಳಲಿಲ್ಲ.

ಕೇಪ್‌ಟೌನಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ಎಂಬ ಬಡಾವಣೆಯು ಆ ವಾದಕ್ಕೆ ಇನ್ನೂ ದೊಡ್ಡ ಉತ್ತರವಾಗಿತ್ತು. ಬಂದರಿಗೂ ಬೆಟ್ಟದ ತಪ್ಪಲಿಗೂ ನಡುವೆ ಇದ್ದ ಈ ಕೇರಿಯಲ್ಲಿ ಬಿಡುಗಡೆ ಹೊಂದಿದ ಗುಲಾಮರ ವಂಶಜರು, ಮಲಾಯಿ ಮುಸಲ್ಮಾನರು, ಷೋಸಾ ನುಡಿಯ ಕರಿಯರು, ಯಹೂದಿಗಳು, ಭಾರತೀಯ ವರ್ತಕರು, ಬಡ ಬಿಳಿಯರು ಒತ್ತೊತ್ತಾದ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದ್ದರು. ಬಡತನವಿತ್ತು, ಕೊಳಕು ಇತ್ತು, ಪುಂಡರ ಹಾವಳಿಯೂ ಇತ್ತು. ಆದರೆ ಬಣ್ಣಗಳು ಬೆರೆತ ಮಾತ್ರಕ್ಕೆ ಅದು ಸುಟ್ಟುಹೋಗಿರಲಿಲ್ಲ. 1966ರ ಫೆಬ್ರವರಿ 11ರಂದು ಸರ್ಕಾರವು ಅದನ್ನು ಬಿಳಿಯರ ಪ್ರದೇಶವೆಂದು ಘೋಷಿಸಿತು. ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿ, ದೂರದ ಮರಳು ಬಯಲಿಗೆ ಅಟ್ಟಿ, ಮನೆಗಳನ್ನು ನೆಲಸಮ ಮಾಡಲಾಯಿತು. ಮಸೀದಿ, ಇಗರ್ಜಿಗಳನ್ನು ಮಾತ್ರ ಉಳಿಸಿದರು. ಹೊರದಬ್ಬಿಸಿಕೊಂಡವರಲ್ಲಿ ಕೆಲವರು ಬಸ್ಸು ಹಿಡಿದು ಬಂದು ಆ ಹಳೆಯ ಪ್ರಾರ್ಥನಾಮಂದಿರಗಳಲ್ಲೇ ಪ್ರಾರ್ಥಿಸಿ ಹಿಂದಿರುಗುತ್ತಿದ್ದರು.

ಈ ನೀತಿಯ ವಿರುದ್ಧ ಪ್ರಪಂಚದಾದ್ಯಂತ ಧ್ವನಿಯೆದ್ದಿತು. ದಕ್ಷಿಣ ಆಫ್ರಿಕದೊಡನೆ ವ್ಯಾಪಾರವನ್ನು 1946ರಲ್ಲಿಯೇ ಕಡಿದುಕೊಂಡ ಮೊದಲ ದೇಶ ಭಾರತ. ಒಳಗಿನ ಹೋರಾಟ ಇನ್ನೂ ಕಠಿನವಾದದ್ದು: 1960ರಲ್ಲಿ ಷಾರ್ಪ್‌ವಿಲ್‌ನಲ್ಲಿ ಪೋಲೀಸರ ಗುಂಡಿಗೆ 69 ಮಂದಿ ಬಲಿಯಾದರು, 1976ರಲ್ಲಿ ಸೊವೆಟೊದ ಶಾಲಾಮಕ್ಕಳು ಬೀದಿಗಿಳಿದು ಪ್ರಾಣತೆತ್ತರು. 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ 1990ರಲ್ಲಿ ಬಿಡುಗಡೆಯಾದರು. ನೋಂದಣಿ ಕಾಯಿದೆ 1991ರಲ್ಲಿ ರದ್ದಾಯಿತು. 1994ರ ಏಪ್ರಿಲಿನಲ್ಲಿ ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತು ಮತ ನೀಡಿದರು.

ಹೊಸ ನಾಡು ಬಗೆಬಗೆಯ ಜನರನ್ನು ಒಂದೇ ಅಚ್ಚಿಗೆ ಒಯ್ಯಲು ಯತ್ನಿಸಲಿಲ್ಲ. 1996ರ ಸಂವಿಧಾನವು 11 ಭಾಷೆಗಳಿಗೆ ಅಧಿಕೃತ ಸ್ಥಾನವನ್ನಿತ್ತಿತು. 2023ರಲ್ಲಿ ಸಂಜ್ಞಾಭಾಷೆಯು ಹನ್ನೆರಡನೆಯದಾಯಿತು. ರಾಷ್ಟ್ರಗೀತೆಯಲ್ಲಿ ಐದು ಭಾಷೆಗಳು ಸೇರಿವೆ. ದಬ್ಬಾಳಿಕೆ ನಡೆಸಿದವರ ಆಫ್ರಿಕಾನ್ಸ್ ಭಾಷೆಯೂ ಅವುಗಳಲ್ಲೊಂದು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯಶೋಧನ ಆಯೋಗದ ಮುಂದೆ ನೊಂದವರೂ ನೋಯಿಸಿದವರೂ ಬಂದು ನಡೆದುದನ್ನು ಹೇಳಿಕೊಂಡರು. ಸತ್ಯವನ್ನು ಪೂರ್ಣವಾಗಿ ನುಡಿದವರಿಗೆ ಕ್ಷಮೆ ದೊರೆಯಬಹುದಾಗಿತ್ತು. ಮಗನನ್ನು ಕಳೆದುಕೊಂಡ ತಾಯಂದಿರಿಗೆ ಇದು ನುಂಗಲಾರದ ತುತ್ತಾದದ್ದೂ ಉಂಟು.

ಇಂದಿಗೂ ಆ ದೇಶವು ಜಗತ್ತಿನಲ್ಲಿ ಆರ್ಥಿಕ ಅಸಮಾನತೆ ಅತ್ಯಧಿಕವಾಗಿರುವ ದೇಶಗಳಲ್ಲೊಂದು. ಕಾಯಿದೆ ಹೋದರೂ ಅದು ಗೆರೆಯೆಳೆದ ನಗರಗಳು ಉಳಿದಿವೆ. ಬಡ ಕರಿಯ ಕಾರ್ಮಿಕನು ಈಗಲೂ ಊರಾಚೆಯಿಂದ ದೂರ ಪಯಣಿಸಿ ಕೆಲಸಕ್ಕೆ ಬರುತ್ತಾನೆ. 2008ರಲ್ಲಿ ನೆರೆಯ ಜಿಂಬಾಬ್ವೆ, ಮೊಜಾಂಬಿಕ್‌ಗಳಿಂದ ಬಂದ ವಲಸೆಗಾರರ ಮೇಲೆ ದಾಳಿಗಳು ನಡೆದು 60ಕ್ಕೂ ಹೆಚ್ಚು ಮಂದಿ ಮಡಿದರು. ಹೊಡೆದವರೂ ಕರಿಯರೇ, ಹೊಡೆಸಿಕೊಂಡವರೂ ಬಹುಪಾಲು ಕರಿಯರೇ. ಮನೆ, ಕೆಲಸ, ನೀರುಗಳ ಅಭಾವವಿದ್ದಲ್ಲಿ ಜಗಳಕ್ಕೆ ಬಣ್ಣದ ನೆಪವೂ ಬೇಕಾಗಲಿಲ್ಲ.

ಡಿಸ್ಟ್ರಿಕ್ಟ್ ಸಿಕ್ಸ್‌ನ ಕತೆಯೂ ಮುಗಿದಿಲ್ಲ. ಹಳೆಯ ಇಗರ್ಜಿಯೊಂದರಲ್ಲಿ 1994ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ನೆಲದ ಮೇಲೆ ಹಾಸಿದ ದೊಡ್ಡ ನಕಾಶೆಯಲ್ಲಿ ಹಿಂದಿನ ನಿವಾಸಿಗಳು ತಂತಮ್ಮ ಮನೆಗಳಿದ್ದ ತಾಣವನ್ನು ಹುಡುಕಿ ಹೆಸರು ಬರೆದಿದ್ದಾರೆ. ಬಡಾವಣೆಯನ್ನು ಕಸಿದುಕೊಂಡ ದಿನಕ್ಕೆ ಸರಿಯಾಗಿ 38 ವರ್ಷಗಳಾದಾಗ, 2004ರ ಫೆಬ್ರವರಿ 11ರಂದು, ಎಂಬತ್ತು ದಾಟಿದ ಇಬ್ಬರು ವೃದ್ಧರು ಮಂಡೇಲಾ ಅವರ ಕೈಯಿಂದ ಹೊಸ ಮನೆಗಳ ಬೀಗದಕೈಗಳನ್ನು ಪಡೆದರು. ಅವರ ಹಿಂದೆ ಮರಳಬೇಕಾಗಿದ್ದವರಲ್ಲಿ ಅನೇಕರು ಸರದಿ ಬರುವ ಮೊದಲೇ ತೀರಿಕೊಂಡರು. ಬಿಳಿಯರಿಗಾಗಿ ತೆರವು ಮಾಡಿದ ನೆಲದಲ್ಲಿ ಬಹುಭಾಗವು ಯಾರೂ ಬಂದು ನೆಲಸದೆ ದಶಕಗಳ ಕಾಲ ಹುಲ್ಲು ಬೆಳೆದು ಬಿದ್ದಿತ್ತು.