ಹುಳ ಎಣಿಸೋಕೆ ಎಂ.ಎಸ್ಸಿ. ಬೇಕಾ?

"ಹುಳಾ ಎಣಿಸಾಕ ಎಂ.ಎಸ್ಸಿ. ಬೇಕೇನವ್ವಾ?"

ಬಿ.ಎಸ್ಸಿ. ಪ್ರಾಣಿಶಾಸ್ತ್ರ ಮುಗಿಸಿದ ತಂಗಿ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗಕ್ಕೆ ಸೇರ್ತೀನಿ ಅಂದಾಗ ಅಪ್ಪ ಕೇಳಿದ್ದು ಇದೊಂದೇ ಪ್ರಶ್ನೆ. ಅಕ್ಕನಾಗಿ ನಾನಾದರೂ ಅವಳ ಪರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ಎಂಸಿಎ ಮಾಡು, ನಮ್ಮ ಕಂಪನಿಗೇ ರೆಫರ್ ಮಾಡ್ತೀನಿ" ಅಂದುಬಿಟ್ಟೆ. ಒಂದು ವಾರ ಅವಳು ನನ್ನ ಫೋನ್ ಎತ್ತಲಿಲ್ಲ.

ಕೊನೆಗೆ ಹಟ ಮಾಡಿ ಸೇರಿದಳು. ಮೊನ್ನೆ ಅಮಾವಾಸ್ಯೆಗೆ ನಾನೇ ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ ಕಾರವಾರಕ್ಕೆ ಹೋದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕಡಲು ಹೆಚ್ಚು ಹಿಂದೆ ಸರಿಯುತ್ತೆ. ನೀರಡಿ ಇರುವ ಬಂಡೆಗಳು ಆಗ ಬಯಲಾಗುತ್ತವೆ. ಹಾಗಾಗಿ ಇವರ ಫೀಲ್ಡ್ ವರ್ಕ್ ಭಾನುವಾರ ನೋಡಲ್ಲ, ಚಂದ್ರನನ್ನು ನೋಡುತ್ತೆ.

ಕಲ್ಲಿನ ಮೇಲಿನ ಮೋಸಗಾರ

ಬಂಡೆಯ ತುಂಬ ಬಿಳಿಯ, ಮೊನಚಾದ, ಪುಟ್ಟ ಜ್ವಾಲಾಮುಖಿಗಳಂಥ ಚಿಪ್ಪುಗಳು. "ಇದೇನು ಹೇಳಕ್ಕಾ?" ಅಂದಳು. "ಶಂಖದ ಮರಿ?" ಅಂದೆ.

"ದೊಡ್ಡ ದೊಡ್ಡ ವಿಜ್ಞಾನಿಗಳೂ ಭಾಳ ವರ್ಷ ಹಂಗ ತಿಳ್ಕೊಂಡಿದ್ರು, ಬೇಜಾರಾಗಬ್ಯಾಡ."

ಅದು ಬಾರ್ನಕಲ್. ದೋಣಿಯ ತಳಕ್ಕೆ ಅಂಟಿಕೊಂಡು ಮೀನುಗಾರರಿಗೆ ತಲೆನೋವಾಗುವ ಜೀವಿ. ನೋಡಲು ಚಿಪ್ಪಿನ ಜಾತಿ, ಆದರೆ ವಂಶ ಏಡಿ-ಸಿಗಡಿಯದು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಎಂಬ ಸೇನಾ ವೈದ್ಯ ಐರ್ಲೆಂಡಿನಲ್ಲಿ ಇದನ್ನು ಪತ್ತೆ ಮಾಡಿ ಪ್ರಕಟಿಸಿದ. ಕಡಲಿಂದ ಹಿಡಿದ, ಕಾಲಿದ್ದು ಈಜಾಡುವ ಮರಿಗಳು ಅವನ ಕಣ್ಣೆದುರೇ ಅಂಟಿಕೊಂಡು ಬಾರ್ನಕಲ್ ಆದವು. ಅದು ತಲೆಯ ಕಡೆಯಿಂದ ಕಲ್ಲಿಗೆ ಅಂಟಿಕೊಂಡು, ಚಿಪ್ಪಿನೊಳಗೆ ಮಲಗಿ, ಕಾಲುಗಳಿಂದ ನೀರು ಬಾಚಿ ಊಟ ಮಾಡುತ್ತೆ!

ಡಾರ್ವಿನ್ ಕೂಡ ಇದರ ಹಿಂದೆ ಬಿದ್ದಿದ್ದ. ಚಿಲಿಯ ತೀರದಲ್ಲಿ ಸಿಕ್ಕ ಒಂದು ವಿಚಿತ್ರ ಬಾರ್ನಕಲ್ ಬಗ್ಗೆ ಬರೆಯೋಣ ಅಂತ 1846ರಲ್ಲಿ ಕೂತವನು ಎದ್ದಿದ್ದು 1854ರಲ್ಲಿ. ಒಂದೇ ಪ್ರಭೇದದೊಳಗೂ ಒಂದರಂತೆ ಇನ್ನೊಂದಿಲ್ಲ ಅನ್ನುವುದನ್ನು ಆ ಎಂಟು ವರ್ಷ ಸೂಕ್ಷ್ಮದರ್ಶಕದಲ್ಲಿ ನೋಡಿದ. ವಿಕಾಸವಾದದ ಪುಸ್ತಕ ಬಂದಿದ್ದು ಅದಾದ ಮೇಲೆ, 1859ರಲ್ಲಿ.

'ಇಲ್ಲ' ಅನ್ನೋದೇ ಹೆಸರು

ನಮ್ಮ ಶಾಲೆಯಲ್ಲಿ ಅಕಶೇರುಕಗಳೆಂದರೆ ಒಂದು ಟೇಬಲ್, ನಾಲ್ಕು ಮಾರ್ಕ್ಸ್. ಬೆನ್ನುಮೂಳೆ ಇಲ್ಲದ ಪ್ರಾಣಿಗಳು, ಮುಗೀತು. ಆದರೆ ಇದುವರೆಗೆ ಹೆಸರಿಟ್ಟಿರುವ ಪ್ರಾಣಿ ಪ್ರಭೇದಗಳಲ್ಲಿ ಸುಮಾರು 95 ಪ್ರತಿಶತ ಅವೇ. ಹುಲಿ, ಆನೆ, ಹಾವು, ನಾವು ಎಲ್ಲ ಸೇರಿ ಉಳಿದ ಚೂರು. ಆಫೀಸಿನಲ್ಲಿ ಎಚ್‌ಆರ್‌ನವರನ್ನು ಬಿಟ್ಟು ಮಿಕ್ಕೆಲ್ಲರನ್ನೂ 'ಎಚ್‌ಆರ್ ಅಲ್ಲದವರು' ಅಂದ ಹಾಗಾಯ್ತು.

ಹಿಂದೆ ಇನ್ನೂ ಕಡೆಯಾಗಿತ್ತು. ಲಿನೇಯಸ್ ಇವನ್ನೆಲ್ಲ ಕೀಟ, ಹುಳು ಅಂತ ಎರಡೇ ಡಬ್ಬಿಗೆ ತುಂಬಿದ್ದ. 1793ರಲ್ಲಿ ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ 'ಕೀಟ ಮತ್ತು ಹುಳು'ಗಳ ಪ್ರೊಫೆಸರ್ ಹುದ್ದೆ ಬಂದಿದ್ದು ಅದುವರೆಗೆ ಗಿಡಮರ ಓದಿಕೊಂಡಿದ್ದ ಲಾಮಾರ್ಕ್‌ಗೆ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಹೊಸ ಡೊಮೇನ್! ಅಕಶೇರುಕ ಎಂಬ ಗುಂಪನ್ನು ಗುರುತಿಸಿ, ಅದರೊಳಗೆ ಹತ್ತಾರು ವರ್ಗ ಬಿಡಿಸಿಟ್ಟವನು ಅವನೇ.

ಯಾರು ಯಾರಿಗೆ ನೆಂಟರು?

ಮೊದಲು ರೂಪ ನೋಡಿ ನೆಂಟಸ್ತಿಕೆ ಹೇಳುತ್ತಿದ್ದರು. ಎರೆಹುಳು, ಜರಿ ಎರಡರ ಮೈಯಲ್ಲೂ ಉಂಗುರ ಜೋಡಿಸಿದಂಥ ಭಾಗಗಳಿವೆ, ಹಾಗಾಗಿ ಹತ್ತಿರದ ಸಂಬಂಧಿಗಳು ಅಂತ. 1990ರ ದಶಕದಲ್ಲಿ ವಂಶವಾಹಿ ಅಕ್ಷರಗಳನ್ನು ಹೋಲಿಸಿದಾಗ ಈ ಲೆಕ್ಕ ತಲೆಕೆಳಗಾಯಿತು. ಎರೆಹುಳು ಬಸವನಹುಳುವಿನ ಕಡೆ ಹೋಯಿತು. ಜರಿ, ಜಿರಳೆಗಳ ಜೊತೆ ಬಂದಿದ್ದು ಹೊಟ್ಟೆಯ ಜಂತುಹುಳು! ಇವೆಲ್ಲ ಬೆಳೆಯುತ್ತ ಪೊರೆ ಕಳಚುತ್ತವೆ. ನಕ್ಷತ್ರಮೀನಂತೂ ಏಡಿಗಿಂತ ಮನುಷ್ಯರಿಗೇ ಹತ್ತಿರದ ದಾಯಾದಿ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ಎರಡು ಆ್ಯಪ್‌ಗಳ ಸ್ಕ್ರೀನ್ ಒಂದೇ ಥರ ಇದೆ ಅಂತ ಕೋಡ್ ಒಂದೇ ಅಂದುಕೊಳ್ಳಬಾರದು. ಕಮಿಟ್ ಹಿಸ್ಟರಿ ತೆಗೆದು ನೋಡಬೇಕು.

ಕಾಲೇಜಿನಲ್ಲಿ ಜಿರಳೆ ಕೊಯ್ಯುವುದನ್ನು ಯುಜಿಸಿ 2014ರಲ್ಲಿ ನಿಲ್ಲಿಸಿತು. ಈಗ ತಂಗಿಯ ದಿನಚರಿ ಬೇರೆ: ನೋಡು, ಎಣಿಸು, ಚಿತ್ರ ಬರಿ, ಗುರುತಿಸು. ಗುರುತಿಸುವ ಕೈಪಿಡಿ ಥೇಟ್ ಇಫ್-ಎಲ್ಸ್. ಕಾಲು ಇದೆಯೇ? ಇದ್ದರೆ ಎಷ್ಟು ಜೊತೆ? ಒಂದು ಕಡೆ ತಪ್ಪಿದರೆ ಯಾವುದೋ ಊರಿಗೆ ಹೋಗಿ ನಿಲ್ತೀವಿ.

ಹಾಗಾದರೆ ಕೆಲಸ?

ಅಪ್ಪನ ಚಿಂತೆ ಸುಳ್ಳಲ್ಲ. ನೆಟ್ ಬರೆದು ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಅದೂ ಪಿಎಚ್‌ಡಿ ಮಾಡುತ್ತಿರುವಾಗ ಮಾತ್ರ. ಇಲ್ಲವಾದರೆ ಸಿಗಡಿ ಕೃಷಿ, ಪರಿಸರ ಸಮೀಕ್ಷೆ, ಪಾಠ ಹೇಳುವುದು. ಕ್ಯಾಂಪಸ್‌ಗೆ ಬಂದು ಆಫರ್ ಲೆಟರ್ ಕೊಡುವ ಲೈನ್ ಇದಲ್ಲ. ಅವಳಿಗೂ ಗೊತ್ತು.

ಆವತ್ತು ಅವಳು ಬಂಡೆಯ ಮೇಲೆ ಅರ್ಧ ಮೀಟರಿನ ಚೌಕಟ್ಟು ಇಟ್ಟು, "ಬಾರ್ನಕಲ್ ಎಷ್ಟು ಅದಾವು, ನೀನೂ ಎಣಿಸಕ್ಕಾ" ಅಂದಳು. ಅರ್ಧ ಗಂಟೆ ಕೂತು ಎಣಿಸಿ 212 ಅಂದೆ. ಅವಳ ಲೆಕ್ಕ 139.

"ಖಾಲಿ ಚಿಪ್ಪೂ ಸೇರಿಸೀದಿ. ಇಲ್ಲಿ ನೋಡು, ಇವು ಬಾರ್ನಕಲ್ ಅಲ್ಲ, ಶಂಖದ ಕಡೆಯವು. ಜೀವ ಇದ್ದ ಬಾರ್ನಕಲ್ ಅಷ್ಟ ಎಣಿಸಬೇಕು."

ಅಲ್ಲೇ ಬಂಡೆ ಮೇಲಿಂದ ಅಪ್ಪನಿಗೆ ಫೋನ್ ಮಾಡಿದೆ. "ಹುಳ ಎಣಿಸೋಕೆ ಎಂ.ಎಸ್ಸಿ. ಬೇಕಪ್ಪಾ, ನನ್ನ ಕೈಲಿ ಆಗಲಿಲ್ಲ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಕೇಳಿದರು: "ಅಕಿಗೆ ಬೆಳಗಿನ ನಾಷ್ಟಾ ಆತೇನು?"

ತಂಗಿ ತಲೆ ಎತ್ತಲಿಲ್ಲ. ನೀರು ಏರುವುದರೊಳಗೆ ಇನ್ನೂ ಮೂರು ಚೌಕ ಬಾಕಿ ಇತ್ತು.