ನೌಬಾದಿನ ಸುರಂಗ ಬಾವಿ ಕೊಟ್ಟ ಉತ್ತರ

ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗಿನ ನೀರಿನಲ್ಲೇ ನಡೆದು ಹೋಗಬೇಕು. ಗುರುನಾನಕ್ ಝೀರಾ ಗುರುದ್ವಾರದಲ್ಲೂ ಬಂಡೆಯಿಂದ ಸಿಹಿನೀರು ಒಸರುತ್ತದೆ. ಊರಿರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ, ಮಾಂಜ್ರಾ ನದಿ ಹರಿಯುವುದು ಎಷ್ಟೋ ಕೆಳಗೆ. ಮತ್ತೆ ಈ ನೀರು ಎಲ್ಲಿಯದು?

ಮಳೆಯದೇ. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ತುಂಬ ತೂತುಗಳು. ಬಿದ್ದ ನೀರನ್ನು ಹೀರಿಕೊಳ್ಳುತ್ತದೆ. ಅದರಡಿಯ ಕಪ್ಪು ಬಸಾಲ್ಟ್ ಅಷ್ಟು ಸುಲಭಕ್ಕೆ ನೀರನ್ನು ಕೆಳಗಿಳಿಯಬಿಡದು. ಇಳಿಯಲಾಗದ ನೀರು ಬದಿಗೆ ಸರಿದು ಗುಡ್ಡದ ಅಂಚಿನಲ್ಲಿ ಝರಿಯಾಗುತ್ತದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ನೆಲದಡಿಯ ಸುರಂಗದಲ್ಲಿ ನೀರು ಹರಿಸುವ ಪರ್ಷಿಯಾದ ಕರೇಜ್ ವಿದ್ಯೆಯೂ ಬಂತು. ಝರಿ ತಾನಾಗಿ ಹೊರಡುವ ಕಡೆ ನಾವು ಹೋಗುವ ಬದಲು, ನಮಗೆ ಬೇಕಾದ ಕಡೆಗೆ ಅದನ್ನು ಕರೆತರಬಹುದೇ ಎಂಬುದು ಆ ವಿದ್ಯೆ ಕೇಳುವ ಪ್ರಶ್ನೆ.

ಬೀದರಿನದೇ ನೌಬಾದಿನ ಸುರಂಗ ಬಾವಿ ಅದಕ್ಕೆ ಸಿಕ್ಕ ಉತ್ತರ. ಎರಡು ಕಿಲೋಮೀಟರಿಗೂ ಉದ್ದದ ಈ ಸುರಂಗದ ಮೇಲೆ ಸಾಲಾಗಿ ನೆಟ್ಟನೆಯ ಬಾವಿಗಳಿವೆ. ಅಗೆದ ಮಣ್ಣು ಮೇಲೇರುವುದು, ಗಾಳಿ ಒಳಗಿಳಿಯುವುದು ಅವುಗಳ ಮೂಲಕವೇ. ಕತ್ತಲಲ್ಲಿ ದಿಕ್ಕು ತಪ್ಪದಿರಲು ಕರೇಜ್ ತೋಡುವವರಿಗೆ ಒಂದು ಉಪಾಯ ಗೊತ್ತಿತ್ತು: ಬಾವಿಯ ಬಾಯಿಂದ ತೂಕ ಕಟ್ಟಿದ ಎರಡು ದಾರಗಳನ್ನು ಇಳಿಬಿಟ್ಟರೆ, ಅವೆರಡನ್ನೂ ಸೇರಿಸುವ ಗೆರೆಯೇ ಕೆಳಗಿನವರಿಗೆ ದಾರಿ. ಅಗೆತವನ್ನು ತಗ್ಗಿನ ತುದಿಯಿಂದ ಶುರುಮಾಡುತ್ತಿದ್ದರು; ನೀರು ಸಿಕ್ಕ ಕೂಡಲೇ ಬೆನ್ನ ಹಿಂದಕ್ಕೆ ಹರಿದುಹೋಗಲಿ, ಮುಳುಗಿಸದಿರಲಿ ಎಂದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಳಿಜಾರಿನ ಲೆಕ್ಕ. ಹೆಚ್ಚಾದರೆ ನೀರು ರಭಸದಿಂದ ತಳವನ್ನೇ ಕೊರೆಯುತ್ತದೆ. ಕಡಿಮೆಯಾದರೆ ಹೂಳು ಕೂರುತ್ತದೆ. ಉದ್ದನೆಯ ಕರೇಜ್‌ಗಳಲ್ಲಿ ಸಾವಿರ ಅಡಿಗೆ ಒಂದಡಿಯ ಆಸುಪಾಸು ಸಾಕು. ಅಂದರೆ ಎರಡು ಕಿಲೋಮೀಟರಿಗೆ ಎರಡೇ ಮೀಟರ್ ಇಳಿತ. ಇಷ್ಟು ಸೂಕ್ಷ್ಮದ ಕೆಲಸದಲ್ಲಿ ಪ್ರತಿ ಬಾವಿಯೂ ಒಂದು ಪರೀಕ್ಷೆ: ಮೇಲಿನ ನೆಲದ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿದು ಅದರ ಆಳವನ್ನು ಹಿಂದಿನದಕ್ಕೆ ಹೋಲಿಸಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ, ಮುಂದಿನ ಅಗೆತಕ್ಕೆ ಮೊದಲೇ ತಿದ್ದಬಹುದು.

ಇದೇ ನಕ್ಷೆಯನ್ನು ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಎರೆಭೂಮಿಗೆ ಒಯ್ದರೆ ನಡೆಯದು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಆಸರೆಯಿಲ್ಲದ ಸುರಂಗ ನಿಲ್ಲದು. ಭಾಲ್ಕಿ ತಾಲ್ಲೂಕಿಗೆ ಹೊಂದಿದ್ದು ಕಾರಂಜಾದಂಥ ಅಣೆಕಟ್ಟು. ಅತ್ತ ದೂರದ ಕಾಸರಗೋಡಿನ ಮುರಕಲ್ಲು ಗುಡ್ಡಗಳಲ್ಲಿ ಅಡಿಕೆ ತೋಟದವರು ತೋಡಿದ ಸುರಂಗಗಳು ಇಂದಿಗೂ ನೀರು ಕೊಡುತ್ತಿವೆ. ಅಲ್ಲಿಯ ಕಲ್ಲೂ ಬೀದರಿನ ಜಂಬಿಟ್ಟಿಗೆಯ ಜಾತಿಯದೇ.

ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಬೀದರಿನ ಕರೇಜ್ ಜಾಡುಗಳನ್ನು ನಕ್ಷೆಗಿಳಿಸಿದರು. ಕಳೆದ ದಶಕದಲ್ಲಿ ನೌಬಾದಿನ ಹೂಳೂ ಎದ್ದಿತು. ಆದರೆ ಸುರಂಗಕ್ಕೆ ಪಂಪಿಲ್ಲ. ಅಂತರ್ಜಲ ಅದರ ತಳಕ್ಕಿಂತ ಮೇಲಿದ್ದರೆ ಮಾತ್ರ ನೀರು. ಹೂಳೆತ್ತಿದವರ ಶ್ರಮ ಉಳಿಯಬೇಕಾದರೆ ಬಾವಿಗಳ ಸಾಲಿನ ಅಕ್ಕಪಕ್ಕ ಹೊಸ ಬೋರ್‌ವೆಲ್ ಕೊರೆಯಬಾರದು, ಯಾವ ಲೇಔಟೂ ಆ ಬಾವಿಗಳ ಬಾಯಿ ಮುಚ್ಚಬಾರದು.