ತಲೆಹೊಟ್ಟಿಗೆ ವಿಟಮಿನ್ ಮಾತ್ರೆ ಬೇಕಾ? ಖರ್ಚು ಮಾಡುವ ಮೊದಲು ಒಂದಿಷ್ಟು ಲೆಕ್ಕ

ಅಭಾದಲ್ಲಿ ಚಳಿ ಶುರುವಾಯಿತೆಂದರೆ ನಮ್ಮ ರೂಮಿನಲ್ಲಿ ಎರಡು ಸಂಗತಿ ಖಂಡಿತ. ಒಂದು, ಬೆಳಿಗ್ಗೆ ಬಿಸಿನೀರಿಗೆ ಸಾಲು. ಇನ್ನೊಂದು, ಅಂಗಿಯ ಹೆಗಲ ಮೇಲೆ ತಲೆಹೊಟ್ಟು. ದಮ್ಮಾಮ್, ಜಿದ್ದಾದಲ್ಲಿರುವ ಗೆಳೆಯರು "ನಿಮಗೇನಪ್ಪಾ, ಊಟಿಯಲ್ಲಿದ್ದ ಹಾಗೆ" ಎನ್ನುತ್ತಾರೆ. ಮಾತು ನಿಜವೇ. ಸಮುದ್ರ ಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದ ಊರು ಇದು, ಊಟಿಯಷ್ಟೇ. ಆದರೆ ಊರಿನ ಸೆಕೆಗೆ, ಬೆವರಿಗೆ ಒಗ್ಗಿದ ನಮ್ಮ ತಲೆಗೆ ಇಲ್ಲಿನ ಚಳಿ ಮತ್ತು ಒಣಗಾಳಿ ಅಷ್ಟು ಸುಲಭಕ್ಕೆ ಹಿಡಿಸುವುದಿಲ್ಲ.

ನಮ್ಮ ರೂಮಿನ ಒಬ್ಬ ಹುಡುಗ, ಬಂಟ್ವಾಳ ಕಡೆಯವನು, ಖಮೀಸ್ ಮುಷೈತ್‌ನಲ್ಲಿ ಬಟ್ಟೆ ಅಂಗಡಿಯ ಸೇಲ್ಸ್‌ಮನ್. ಡ್ಯೂಟಿಗೆ ಕಪ್ಪು ಶರ್ಟ್ ಕಡ್ಡಾಯ. ಒಂದು ದಿನ ಮ್ಯಾನೇಜರ್ ಗಿರಾಕಿಗಳ ಎದುರೇ "ಮೊದಲು ಹೆಗಲು ಒರೆಸಿಕೊಂಡು ಬಾ" ಅಂದರಂತೆ. ಅವತ್ತು ರಾತ್ರಿ ಮೊಬೈಲಿನಲ್ಲಿ ಯಾವುದೋ ವಿಡಿಯೋ ತೋರಿಸಿ, "ಅಣ್ಣಾ, ಇದು ವಿಟಮಿನ್ ಕಮ್ಮಿಯಿಂದ ಆಗುವುದಂತೆ" ಎಂದ. ಅಲ್ಲಿಂದ ಶುರುವಾಯಿತು: ಬಯೋಟಿನ್ ಮಾತ್ರೆ, ಮೀನೆಣ್ಣೆ ಕ್ಯಾಪ್ಸೂಲ್, ಆಲಿವ್ ಎಣ್ಣೆ, ಈರುಳ್ಳಿ ಎಣ್ಣೆ. ಲೆಕ್ಕ ಬರೆಯುವುದು ನನ್ನ ಕೆಲಸ, ರೂಮಿನ ಮೆಸ್ ಲೆಕ್ಕವೂ ನನ್ನ ಪಾಲಿಗೇ. ನಾಲ್ಕು ತಿಂಗಳಲ್ಲಿ ಅವನು ತಲೆಗೆ ಸುರಿದದ್ದು 430 ರಿಯಾಲ್. ಹೊಟ್ಟು ಮಾತ್ರ ಇದ್ದ ಹಾಗೇ ಇತ್ತು.

ಅಷ್ಟರಲ್ಲಿ ಸುಸ್ತು ಅಂತ ಕ್ಲಿನಿಕ್‌ಗೆ ಹೋದ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹೆಚ್ಚು ಕೆಲಸ ಮಾಡುತ್ತಿದೆ ಅನ್ನುವಂಥ ರಿಪೋರ್ಟ್ ಬಂತು. ಮುಂದಿನ ರಜೆಯಲ್ಲಿ ಮದುವೆ ಮಾತುಕತೆ ಇದ್ದ ಹುಡುಗ, ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಎರಡನೇ ಸಲ ಹೋದಾಗ ಡಾಕ್ಟರ್ ಕೇಳಿದ ಪ್ರಶ್ನೆ ಒಂದೇ: "ಕೂದಲಿಗೆ ಅಂತ ಏನಾದರೂ ಮಾತ್ರೆ ನುಂಗುತ್ತಿದ್ದೀಯಾ?" ಬಯೋಟಿನ್ ನಿಲ್ಲಿಸಿ, ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಥೈರಾಯ್ಡ್ ಸರಿಯಾಗಿಯೇ ಇತ್ತು!

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಆದರೆ ಆ ಮೂರು ರಾತ್ರಿ ಅವನ ಮುಖ ನೋಡಿದ ಮೇಲೆ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಟ್ಟು ಬರುವುದು ಎಲ್ಲಿಂದ?

ನಮ್ಮೆಲ್ಲರ ತಲೆಚರ್ಮದ ಮೇಲೂ ಮಲಸೇಜಿಯಾ ಎಂಬ ಕಣ್ಣಿಗೆ ಕಾಣದ ಶಿಲೀಂಧ್ರ ಇರುತ್ತದೆ. ಚರ್ಮ ತಾನಾಗಿ ಸ್ರವಿಸುವ ಎಣ್ಣೆಯ ಕೊಬ್ಬೇ ಅದರ ಆಹಾರ. ಆ ಕೊಬ್ಬನ್ನು ಅದು ಒಡೆದಾಗ ಓಲಿಯಿಕ್ ಆಮ್ಲದಂಥ ಪದಾರ್ಥಗಳು ಉಳಿಯುತ್ತವೆ. ಕೆಲವರ ಚರ್ಮ ಇದನ್ನು ತಡೆದುಕೊಳ್ಳುತ್ತದೆ, ಕೆಲವರದು ತಡೆಯುವುದಿಲ್ಲ. ತಡೆಯದವರಲ್ಲಿ ತುರಿಕೆ ಶುರುವಾಗಿ, ಚರ್ಮದ ಕೋಶಗಳು ಬಲಿಯುವ ಮೊದಲೇ ಗುಂಪುಗುಂಪಾಗಿ ಉದುರುತ್ತವೆ. ಅದೇ ಹೊಟ್ಟು. ಜಗತ್ತಿನ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಕಾಲದಲ್ಲಿ ಇದು ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಕೊಳಕಿನಿಂದ ಬರುವುದೂ ಅಲ್ಲ. ಚಳಿ, ಒಣಗಾಳಿ, ನಿದ್ದೆಗೇಡು, ಮನಸ್ಸಿನ ಒತ್ತಡ ಇವೆಲ್ಲ ಇದನ್ನು ಜಾಸ್ತಿ ಮಾಡುತ್ತವೆ.

ಅಂದಮೇಲೆ ಆಲಿವ್ ಎಣ್ಣೆ ಹಚ್ಚಿ ರಾತ್ರಿಯಿಡೀ ಮಲಗುವ ಬಗ್ಗೆ ಸ್ವಲ್ಪ ಯೋಚಿಸಿ. ಲ್ಯಾಬ್‌ಗಳಲ್ಲಿ ಮಲಸೇಜಿಯಾವನ್ನು ಬೆಳೆಸುವಾಗ ಆಹಾರವಾಗಿ ಹಾಕುವುದು ಅದೇ ಆಲಿವ್ ಎಣ್ಣೆಯನ್ನು. ಅದರಲ್ಲಿ ಓಲಿಯಿಕ್ ಆಮ್ಲವೂ ಹೇರಳ. ನಾವು ಮದ್ದು ಅಂದುಕೊಂಡು ಹಚ್ಚುವುದು ಅದಕ್ಕೆ ಊಟ.

ಹಾಗಾದರೆ ಆಹಾರಕ್ಕೂ ತಲೆಗೂ ಸಂಬಂಧವೇ ಇಲ್ಲವಾ?

ಇದೆ. ತಲೆಚರ್ಮವೂ ಚರ್ಮವೇ. ಬಿ2 (ರೈಬೋಫ್ಲೇವಿನ್), ಬಿ6, ಬಯೋಟಿನ್, ಜಿಂಕ್ ಇವುಗಳಲ್ಲಿ ಯಾವುದು ತೀರಾ ಕಡಿಮೆಯಾದರೂ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತದೆ, ನೋಡಲು ಹೊಟ್ಟಿನ ಹಾಗೆಯೇ ಇರುತ್ತದೆ. ಕಬ್ಬಿಣಾಂಶ ಕಡಿಮೆಯಾದರೆ ಕೂದಲು ಉದುರುತ್ತದೆ.

ಜಿಂಕ್ ಕೊರತೆ ಮನುಷ್ಯರಿಗೂ ಬರುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ದೇಶದವರೇ, ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. ಅದೂ ಕೊಲ್ಲಿಯ ಆಚೆ ದಡದ ದೇಶದಲ್ಲಿ. 1958ರಲ್ಲಿ ಅವರು ಇರಾನಿನ ಶಿರಾಜ್‌ಗೆ ಕೆಲಸಕ್ಕೆ ಹೋಗಿದ್ದಾಗ 21 ವರ್ಷದ ಒಬ್ಬ ರೋಗಿ ಬಂದ. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಚರ್ಮ ಒರಟಾಗಿ ಒಣಗಿತ್ತು, ರಕ್ತಹೀನತೆಯೂ ಇತ್ತು. ಅವನ ಊಟವೆಂದರೆ ಹುಳಿ ಬರಿಸದ ಹಿಟ್ಟಿನ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ಧಾನ್ಯದ ತೌಡಿನಲ್ಲಿರುವ ಫೈಟೇಟ್ ಎಂಬ ಪದಾರ್ಥ ಜಿಂಕನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡುವುದಿಲ್ಲ. ಅಂದರೆ ಹೊಟ್ಟೆ ತುಂಬಿದರೂ ಮೈಗೆ ಜಿಂಕ್ ಸಿಗದೆ ಹೋಗಬಹುದು. 1961ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಈ ಕಥೆ ಹೇಳಿದ್ದು ಖುಬ್ಜ್ ಬಿಡಿ ಅನ್ನುವುದಕ್ಕಲ್ಲ. ಇಲ್ಲಿನ ಖುಬ್ಜ್ ಯೀಸ್ಟ್ ಹಾಕಿ ಉಬ್ಬಿಸಿದ್ದು, ಫೈಟೇಟ್ ಅಷ್ಟಿರುವುದಿಲ್ಲ. ಆದರೆ ಬಿಳಿ ಹಿಟ್ಟಿನಲ್ಲಿ ಜಿಂಕೂ ಕಡಿಮೆ. ಬೆಳಿಗ್ಗೆ ಖುಬ್ಜ್ ಮತ್ತು ಸುಲೈಮಾನಿ, ಮಧ್ಯಾಹ್ನ ಏನೋ ಒಂದು, ರಾತ್ರಿ ಬಿಳಿ ಅನ್ನಕ್ಕೆ ಚಿಕನ್ ಸಾರು, ವರ್ಷಗಟ್ಟಲೆ ಇಷ್ಟೇ ಆದರೆ ಅದು ತೊಂದರೆ.

ಕೊರತೆ ಬರೀ ತಲೆಯಲ್ಲಿ ಕಾಣುವುದಿಲ್ಲ

ಇದು ನೆನಪಿಡಬೇಕಾದ ಮುಖ್ಯ ಮಾತು. ನಿಜವಾಗಿ ಪೋಷಕಾಂಶ ಕಡಿಮೆಯಾದರೆ ಮೈ ಬೇರೆ ಕಡೆಯೂ ಸುಳಿವು ಕೊಡುತ್ತದೆ.

ಬಿ2 ಕಡಿಮೆಯಾದರೆ ಕಟಬಾಯಿ ಸೀಳುತ್ತದೆ, ತುಟಿ ಒಡೆಯುತ್ತದೆ, ನಾಲಿಗೆ ಕೆಂಪಾಗಿ ಉರಿಯುತ್ತದೆ. ಜಿಂಕ್ ಕಡಿಮೆಯಾದರೆ ಗಾಯ ಬೇಗ ಮಾಯುವುದಿಲ್ಲ, ರುಚಿ ಗೊತ್ತಾಗುವುದಿಲ್ಲ, ಪದೇ ಪದೇ ಬೇಧಿಯಾಗಬಹುದು. ಕಬ್ಬಿಣಾಂಶ ಕಡಿಮೆಯಾದರೆ ಮುಖ ಬಿಳಚಿಕೊಳ್ಳುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಬಿ12 ಕಡಿಮೆಯಾದರೆ ಕೈಕಾಲು ಜುಮುಜುಮು. ಮಾಂಸ, ಮೊಟ್ಟೆ ತಿನ್ನದವರೂ, ಸಕ್ಕರೆ ಕಾಯಿಲೆಗೆ ಹಲವು ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರೂ ಬಿ12 ಬಗ್ಗೆ ಡಾಕ್ಟರ್ ಹತ್ತಿರ ಕೇಳುವುದು ಒಳ್ಳೆಯದು.

ವಿಟಮಿನ್ ಡಿ ಮಾತು ಬೇರೆ. ಇಷ್ಟು ಬಿಸಿಲಿದ್ದರೂ ಕೊಲ್ಲಿ ದೇಶಗಳಲ್ಲಿ ಇದರ ಕೊರತೆ ಸಾಮಾನ್ಯ, ಯಾಕೆಂದರೆ ಬಿಸಿಲು ನಮ್ಮ ಚರ್ಮಕ್ಕೆ ಬೀಳುವುದೇ ಕಡಿಮೆ. ಮೈಕೈ ನೋವು, ಮೂಳೆ ನೋವು ಇದ್ದರೆ ಪರೀಕ್ಷೆ ಮಾಡಿಸಿ. ಆದರೆ ಡಿ ತೆಗೆದುಕೊಂಡರೆ ಹೊಟ್ಟು ಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ನಮ್ಮ ಹುಡುಗನ ಕಟಬಾಯಿ ಎರಡೂ ಕಡೆ ಸೀಳಿತ್ತು. ನಾವು ಚಳಿಗೆ ಅಂದುಕೊಂಡಿದ್ದೆವು. ಡಾಕ್ಟರ್ ಅದನ್ನು ನೋಡಿಯೇ "ದಿನಾ ಏನು ತಿನ್ನುತ್ತೀಯಾ?" ಎಂದು ಕೇಳಿದ್ದು. ಉತ್ತರ ಕೇಳಿ ಹೇಳಿದರಂತೆ: "ಹೊಟ್ಟಿಗೆ ಶಾಂಪೂ ಕೊಡುತ್ತೇನೆ. ಬಾಯಿಗೂ ಸುಸ್ತಿಗೂ ಊಟ ಸರಿ ಮಾಡಿಕೋ. ಎರಡನ್ನೂ ಬೆರೆಸಬೇಡ."

ಮಾತ್ರೆಯ ಅಪಾಯ

ದೊಡ್ಡವರಿಗೆ ದಿನಕ್ಕೆ ಬೇಕಾಗುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಅವನು ನುಂಗುತ್ತಿದ್ದ ಮಾತ್ರೆಯಲ್ಲಿ ಇದ್ದದ್ದು 10,000. ಅಂದರೆ ಒಂದೇ ದಿನಕ್ಕೆ 333 ದಿನದ ಪಾಲು! ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ ನಿಜ, ಆದರೆ ಹೋಗುವ ಮುನ್ನ ಕೆಲವು ರಕ್ತ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ. ಥೈರಾಯ್ಡ್ ಮಾತ್ರವಲ್ಲ, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ತಪ್ಪಾಗಿ ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಎದೆನೋವು ಅಂತ ಎಮರ್ಜೆನ್ಸಿಗೆ ಹೋದಾಗ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಅದನ್ನೇ ಹೇಳಿ.

ಜಿಂಕ್ ಮಾತ್ರೆಯೂ ಹಾಗೆಯೇ. ಗಂಡಸರಿಗೆ ದಿನಕ್ಕೆ 11 ಮಿಲಿಗ್ರಾಂ, ಹೆಂಗಸರಿಗೆ 8 ಸಾಕು. ಡಾಕ್ಟರ್ ಹೇಳದೆ 40 ಮಿಲಿಗ್ರಾಂ ದಾಟಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಮೈಯಲ್ಲಿ ತಾಮ್ರದ ಕೊರತೆ ಶುರುವಾಗಬಹುದು. ವಿಟಮಿನ್ ಎ ಹೆಚ್ಚಾದರೆ ಚರ್ಮ ಒಣಗಿ ಕೂದಲೇ ಉದುರುತ್ತದೆ. ಊರಿಗೆ ಹೋಗುವಾಗ ಹೆಂಡತಿಗೆ, ತಂಗಿಗೆ ಅಂತ "ಹೇರ್ ವಿಟಮಿನ್" ಡಬ್ಬಿ ಒಯ್ಯುವವರೂ ಇದನ್ನು ಗಮನಿಸಿ. ಗರ್ಭಿಣಿಯರಿಗೆ ಹೆಚ್ಚಿನ ವಿಟಮಿನ್ ಎ ಮಗುವಿಗೇ ಅಪಾಯ.

ಮೆಸ್ಸಿನಲ್ಲಿ ಏನು ಬದಲಿಸಬಹುದು?

ಬಿ2 ಲೆಕ್ಕ ನೋಡಿ. ಗಂಡಸಿಗೆ ದಿನಕ್ಕೆ ಬೇಕಾದದ್ದು 1.3 ಮಿಲಿಗ್ರಾಂ. ಎರಡು ಮೊಟ್ಟೆಯಲ್ಲಿ ಹತ್ತಿರ ಹತ್ತಿರ ಅರ್ಧ ಮಿಲಿಗ್ರಾಂ, ಎರಡು ದೊಡ್ಡ ಲೋಟ ಲಬನ್‌ನಲ್ಲಿ ಸುಮಾರು 0.8. ಅಲ್ಲಿಗೆ ಬಾಕಿ ಚುಕ್ತಾ. ಮೊಟ್ಟೆ ಬೇಯಿಸಿಯೇ ತಿನ್ನಿ. ಹಸಿ ಮೊಟ್ಟೆಯ ಬಿಳಿಭಾಗ ಬಯೋಟಿನ್ ಅನ್ನು ಕಟ್ಟಿಹಾಕುತ್ತದೆ.

ಜಿಂಕ್, ಕಬ್ಬಿಣಕ್ಕೆ ವಾರಕ್ಕೆ ಒಂದೆರಡು ಸಲ ಕೆಂಪು ಮಾಂಸ, ಉಳಿದ ದಿನ ಕಾಳು. ಇಲ್ಲಿ ಅದಸ್ ಎಂದು ಸಿಗುವ ಮಸೂರ್ ಬೇಳೆ, ಫೂಲ್, ಕಡಲೆ ಎಲ್ಲವೂ ಅಗ್ಗ. ನಮ್ಮ ಅಜ್ಜಿಯರು ಹೆಸರುಕಾಳು ಮೊಳಕೆ ಬರಿಸಿದ್ದು, ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರಿಸಿದ್ದು ಸುಮ್ಮನೆ ರುಚಿಗಲ್ಲ. ನೆನೆಸಿದರೆ, ಮೊಳಕೆ ಬಂದರೆ, ಹುಳಿ ಬಂದರೆ ಫೈಟೇಟ್ ಕಡಿಮೆಯಾಗುತ್ತದೆ. ಅಕ್ಕಿಯಲ್ಲಿ ನಮ್ಮ ಕುಚಲಕ್ಕಿಯೇ ವಾಸಿ. ಭತ್ತವನ್ನು ಬೇಯಿಸುವಾಗ ಬಿ ವಿಟಮಿನ್ ಕಾಳಿನ ಒಳಗೆ ಇಳಿಯುವುದರಿಂದ ಬೆಳ್ತಿಗೆಗಿಂತ ಹೆಚ್ಚು ಉಳಿದಿರುತ್ತದೆ. ಊಟದ ಜೊತೆಗೇ ಸುಲೈಮಾನಿ ಕುಡಿಯುವುದು ಬಿಡಿ. ಚಹಾ ಊಟದ ಕಬ್ಬಿಣಾಂಶವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಅದರ ಬದಲು ಊಟಕ್ಕೆ ಲಿಂಬೆ ಹಿಂಡಿಕೊಳ್ಳಿ, ಅದು ಕಬ್ಬಿಣ ಹಿಡಿಯಲು ಸಹಾಯ ಮಾಡುತ್ತದೆ.

ಹಣ್ಣಿನ ಬಗ್ಗೆ ಒಂದು ಮಾತು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 4,379 ಜನರನ್ನು ನೋಡಿದ ಅಧ್ಯಯನವೊಂದರಲ್ಲಿ, ಹೆಚ್ಚು ಹಣ್ಣು ತಿನ್ನುವವರಲ್ಲಿ ಹೊಟ್ಟಿನ ಅಣ್ಣನಂತಿರುವ ಸೆಬೊರಿಕ್ ಡರ್ಮಟೈಟಿಸ್ ಶೇ. 25ರಷ್ಟು ಕಡಿಮೆ ಕಂಡಿತು. ಹಣ್ಣಿನಿಂದಲೇ ಹಾಗಾಯಿತು ಎಂದು ಇದು ಸಾಬೀತು ಮಾಡುವುದಿಲ್ಲ. ಆದರೆ ದಿನಕ್ಕೊಂದು ಕಿತ್ತಳೆ ತಿಂದರೆ ನಷ್ಟವಂತೂ ಇಲ್ಲ. ಬೇಸಿಗೆಯಲ್ಲಿ ಅಭಾದ ರಸ್ತೆ ಬದಿಯಲ್ಲಿ ಬರ್ಶೂಮಿ ಹಣ್ಣು ರಾಶಿ ಹಾಕಿರುತ್ತಾರಲ್ಲ, ಅದೂ ಆಗುತ್ತದೆ.

ಶಾಂಪೂ ಹಾಕುವುದರಲ್ಲೇ ತಪ್ಪು

ಹೊಟ್ಟಿಗೆ ನೇರ ಮದ್ದು ಶಿಲೀಂಧ್ರ ಕಡಿಮೆ ಮಾಡುವ ಶಾಂಪೂ. ಬಾಟಲಿಯ ಮೇಲೆ ಕೀಟೋಕೊನಜೋಲ್, ಸೆಲೆನಿಯಂ ಸಲ್ಫೈಡ್ ಅಥವಾ ಜಿಂಕ್ ಪೈರಿಥಿಯೋನ್ ಎಂದು ಇದೆಯಾ ನೋಡಿ. ಶಾಂಪೂವಿನ ಜಿಂಕ್ ಶಿಲೀಂಧ್ರದ ಮೇಲೆ ಕೆಲಸ ಮಾಡುವುದು, ಮೈಯ ಕೊರತೆ ತುಂಬುವುದಲ್ಲ.

ನಾವು ಮಾಡುವ ತಪ್ಪು, ಹಚ್ಚಿ ಅರ್ಧ ನಿಮಿಷಕ್ಕೆ ತೊಳೆಯುವುದು. ಹೊರಗೆ ಮೂರು ಜನ ಬಾಗಿಲು ಬಡಿಯುತ್ತಿರುವಾಗ ಇನ್ನೇನು ಮಾಡುವುದು! ಆದರೆ ಕೀಟೋಕೊನಜೋಲ್ ಶೇ. 2ರ ಶಾಂಪೂ ಕೂದಲಿಗಲ್ಲ, ಬುಡದ ಚರ್ಮಕ್ಕೆ ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಕಡಿಮೆಯಾದ ಮೇಲೆ ಪೂರ್ತಿ ನಿಲ್ಲಿಸದೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಹೊಟ್ಟು ಬೇರುಸಹಿತ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಡುವಂಥದ್ದು. ರಜೆಯ ದಿನ ಬಾತ್‌ರೂಮ್ ಖಾಲಿ ಇರುವ ಹೊತ್ತು ನೋಡಿಕೊಳ್ಳಿ. ನೀರು ತೀರಾ ಬಿಸಿ ಬೇಡ. ಹೆಲ್ಮೆಟ್, ಟೋಪಿ, ಸ್ಕಾರ್ಫ್ ಹಾಕುವ ಮೊದಲು ತಲೆ ಒಣಗಲಿ.

ಡಾಕ್ಟರ್ ಹತ್ತಿರ ಯಾವಾಗ?

ನಾಲ್ಕು ವಾರ ಸರಿಯಾಗಿ ಮಾಡಿದರೂ ಕಡಿಮೆಯಾಗದಿದ್ದರೆ, ದಪ್ಪ ಬೆಳ್ಳಿಯಂಥ ಪದರ ಕೂದಲ ಗೆರೆ ದಾಟಿ ಬಂದರೆ (ಸೋರಿಯಾಸಿಸ್ ಇರಬಹುದು), ಕೀವು, ರಕ್ತ ಬಂದರೆ, ಅಥವಾ ಮೇಲೆ ಹೇಳಿದ ಕೊರತೆಯ ಲಕ್ಷಣಗಳಿದ್ದರೆ ತೋರಿಸಿ. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಸಿಪ್ಪೆ ಎದ್ದರೆ ಅದು ಗಜಕರ್ಣ ಇರಬಹುದು. ಅದು ಹರಡುತ್ತದೆ, ಬಾಯಿಗೆ ಮಾತ್ರೆಯೇ ಬೇಕು. ಖಾಸಗಿ ಕಂಪನಿಯವರಿಗೆ ಆರೋಗ್ಯ ವಿಮೆ ಕೊಡಿಸುವುದು ಇಲ್ಲಿ ಮಾಲೀಕರ ಜವಾಬ್ದಾರಿ, ಕಾರ್ಡು ಜೇಬಿನಲ್ಲೇ ಇರಲಿ. ಸುಮ್ಮನೆ ಸಲಹೆ ಕೇಳುವುದಾದರೆ ಸೌದಿ ಆರೋಗ್ಯ ಇಲಾಖೆಯ 937 ಇದೆ.

ನಮ್ಮ ಹುಡುಗನ ಶಾಂಪೂವಿಗೆ ಬಿದ್ದದ್ದು 28 ರಿಯಾಲ್. ಮೆಸ್ಸಿಗೆ ಮೊಟ್ಟೆ, ಲಬನ್, ಅದಸ್ ಸೇರಿಸಿದ್ದಕ್ಕೆ ತಲೆಗೆ ತಿಂಗಳಿಗೆ 35 ರಿಯಾಲ್ ಜಾಸ್ತಿಯಾಯಿತು, ಮೊದಮೊದಲು ಇಬ್ಬರು ಗೊಣಗಿದರು. ಮೂರನೇ ವಾರಕ್ಕೆ ಹೆಗಲು ಹೆಚ್ಚುಕಡಿಮೆ ಚೊಕ್ಕವಾಯಿತು, ಕಟಬಾಯಿಯೂ ಮಾಯಿತು. ಉಳಿದ ಬಯೋಟಿನ್ ಡಬ್ಬಿ ಇನ್ನೂ ಕಪಾಟಿನಲ್ಲಿದೆ. "ಬಿಸಾಡಲು ಮನಸ್ಸು ಬರುವುದಿಲ್ಲ ಅಣ್ಣಾ, ದುಡ್ಡು ಕೊಟ್ಟದ್ದಲ್ವಾ" ಅನ್ನುತ್ತಾನೆ. ನಾನು ಅದನ್ನು ನಷ್ಟದ ಖಾತೆಗೆ ಬರೆದು ಆಗಿದೆ.